ಒಂದೇ ರಸ್ತೆಯ ದ್ವೀಪಗಳಿಗೆ ಮನೆ ಹೊತ್ತು ಹೊರಡುವವರು

ಫ್ಲೋರಿಡಾ ಕೀಸ್ ದ್ವೀಪಗಳಲ್ಲಿ ಅಂಗಡಿ ಎಲ್ಲಿದೆ, ಹೋಟೆಲ್ ಎಲ್ಲಿದೆ ಎಂದು ಕೇಳಿದರೆ ಯಾರೂ ಬೀದಿಯ ಹೆಸರು ಹೇಳುವುದಿಲ್ಲ. ‘82ನೇ ಮೈಲಿ, ಸಮುದ್ರದ ಕಡೆ’ ಅನ್ನುತ್ತಾರೆ, ಇಲ್ಲವೇ ‘56ನೇ ಮೈಲಿ, ಕೊಲ್ಲಿಯ ಕಡೆ’ ಅನ್ನುತ್ತಾರೆ. ಅಷ್ಟು ಹೇಳಿದರೆ ಸಾಕು, ಯಾಕೆಂದರೆ ದ್ವೀಪದಿಂದ ದ್ವೀಪಕ್ಕೆ ಹಾರುತ್ತಾ ಸಾಗುವ ಹೆದ್ದಾರಿ ಇರುವುದು ಒಂದೇ. ಎಡಕ್ಕೆ ಅಟ್ಲಾಂಟಿಕ್, ಬಲಕ್ಕೆ ಕೊಲ್ಲಿ, ನಡುವೆ ಕೆಲವು ಕಡೆ ರಸ್ತೆಯ ಅಗಲದಷ್ಟೇ ನೆಲ. ಪಕ್ಕದ ಪುಟ್ಟ ಹಸಿರು ಫಲಕಗಳ ಮೇಲಿನ ಸಂಖ್ಯೆ ದಕ್ಷಿಣಕ್ಕೆ ಹೋದ ಹಾಗೆ ಇಳಿಯುತ್ತ ಬಂದು ಕೀ ವೆಸ್ಟ್ ಪಟ್ಟಣದ ವೈಟ್‌ಹೆಡ್ ಮತ್ತು ಫ್ಲೆಮಿಂಗ್ ಬೀದಿಗಳು ಕೂಡುವ ಮೂಲೆಯಲ್ಲಿ ಸೊನ್ನೆಯಾಗುತ್ತದೆ. ಮುಂದೆ ಕ್ಯೂಬಾ, 90 ಮೈಲಿ ದೂರದಲ್ಲಿ.

ಡಿಸೆಂಬರ್ ಬಂತೆಂದರೆ ಈ ರಸ್ತೆಗೆ ಉತ್ತರದಿಂದ ಉದ್ದುದ್ದ ಗಾಡಿಗಳು ಇಳಿಯತೊಡಗುತ್ತವೆ. ಮಂಚ, ಒಲೆ, ಫ್ರಿಜ್, ಬಚ್ಚಲು, ಶೌಚಾಲಯ ಎಲ್ಲವನ್ನೂ ಒಳಗೇ ಇಟ್ಟುಕೊಂಡ ಈ ಮನೆಗಾಡಿಗಳನ್ನು ಅಮೆರಿಕದಲ್ಲಿ ಆರ್‌ವಿ ಎನ್ನುತ್ತಾರೆ. ಮಿಷಿಗನ್, ಒಹಾಯೊ, ಒಂಟಾರಿಯೊ, ಕ್ವಿಬೆಕ್ ಕಡೆಯ ನಿವೃತ್ತರು ಮನೆಯಂಗಳದ ಹಿಮ ಬಾಚುವುದನ್ನು ಬಿಟ್ಟು ಇಲ್ಲಿಗೆ ಬರುತ್ತಾರೆ. ಜನವರಿಯಲ್ಲಿ ಕೀ ವೆಸ್ಟ್‌ನ ಹಗಲು 24 ಡಿಗ್ರಿ ಸೆಲ್ಸಿಯಸ್ ಆಸುಪಾಸು, ರಾತ್ರಿ 18. ಅಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 5 ಡಿಗ್ರಿ. ಮಂಜುಗಡ್ಡೆ ಕಟ್ಟುವ ಚಳಿ ಆ ಊರಿನ ದಾಖಲೆಯಲ್ಲೇ ಇಲ್ಲ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗ ಕುಟುಂಬಗಳೂ ಊರಿಂದ ಬಂದ ಅಪ್ಪ ಅಮ್ಮನನ್ನು ಕೂರಿಸಿಕೊಂಡು ವರ್ಷಾಂತ್ಯದ ರಜೆಯಲ್ಲಿ ಈ ದಾರಿ ಹಿಡಿಯುವುದುಂಟು. ಹೊತ್ತು ಹೊತ್ತಿಗೆ ಅನ್ನ ಸಾರು, ಕರೆದಾಗ ಶೌಚಾಲಯ, ಮಧ್ಯಾಹ್ನ ಬೆನ್ನು ಚಾಚಲು ಮಂಚ. ವಯಸ್ಸಾದವರ ಜೊತೆಗಿನ ಪ್ರಯಾಣಕ್ಕೆ ಇದಕ್ಕಿಂತ ಅನುಕೂಲದ ಗಾಡಿ ಕಡಿಮೆ.

ಆದರೆ ಬೇರೆ ಕಡೆ ಆರ್‌ವಿ ಓಡಿಸಿ ರೂಢಿಯಾದವರು ಅದೇ ಲೆಕ್ಕಾಚಾರದಲ್ಲಿ ಕೀಸ್‌ಗೆ ಹೊರಟರೆ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ. ಒಳನಾಡಿನಲ್ಲಿ ಒಂದು ಕ್ಯಾಂಪ್‌ಗ್ರೌಂಡ್ ತುಂಬಿದ್ದರೆ ಇನ್ನಿಪ್ಪತ್ತು ಮೈಲಿ ಹೋದರೆ ಮತ್ತೊಂದು ಸಿಗುತ್ತದೆ. ರಾತ್ರಿ ಕಳೆಯಲು ದೊಡ್ಡ ಅಂಗಡಿಯ ಪಾರ್ಕಿಂಗ್ ಜಾಗವೋ ಟ್ರಕ್ಕುಗಳು ತಂಗುವ ತಾಣವೋ ಇರುತ್ತದೆ. ಇಲ್ಲಿ ರಸ್ತೆ ಒಂದೇ, ಜಾಗ ಕಡಿಮೆ, ಕುಡಿಯುವ ನೀರು ಬರುವುದೂ ಮುಖ್ಯಭೂಮಿಯಿಂದ, ಬಿರುಗಾಳಿ ಬಂದರೆ ಹೊರಗೆ ಹೋಗುವ ದಿಕ್ಕೂ ಒಂದೇ. ಈ ಮಿತಿಗಳನ್ನು ಮೊದಲು ತಿಳಿದು, ಆಮೇಲೆ ದಿನಾಂಕ ಗೊತ್ತುಮಾಡಬೇಕು. ಅವು ಎಲ್ಲಿಂದ ಬಂದವು ಎಂಬುದು ರಸ್ತೆಯ ಇತಿಹಾಸದಲ್ಲೇ ಇದೆ.

ಹೆದ್ದಾರಿ ನಿಂತಿರುವುದು ಸತ್ತುಹೋದ ಒಂದು ರೈಲುಮಾರ್ಗದ ಮೇಲೆ. ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯಲ್ಲಿ ರಾಕ್‌ಫೆಲ್ಲರ್ ಜೊತೆ ಪಾಲುದಾರನಾಗಿದ್ದ ಹೆನ್ರಿ ಫ್ಲಾಗ್ಲರ್ 1905ರಲ್ಲಿ ಸಮುದ್ರದ ಮೇಲೆ ಹಳಿ ಹಾಕಿಸಲು ಶುರುಮಾಡಿದ. ಇಳಿವಯಸ್ಸಿನಲ್ಲಿ ಕೈಹಾಕಿದ ಈ ಕೆಲಸ ಪೂರ್ತಿಯಾಗಲು ಏಳು ವರ್ಷ ಹಿಡಿಯಿತು, ನಡುವೆ ಚಂಡಮಾರುತಗಳೂ ಬಂದು ಹೋದವು. 1912ರ ಜನವರಿ 22ರಂದು ಮೊದಲ ರೈಲಿನಲ್ಲಿ ಕೀ ವೆಸ್ಟ್‌ಗೆ ಬಂದಿಳಿದಾಗ ಅವನಿಗೆ 82 ವರ್ಷ. ಮರುವರ್ಷವೇ ತೀರಿಕೊಂಡ. ರೈಲು ಓಡಿದ್ದು ಸುಮಾರು 23 ವರ್ಷ ಮಾತ್ರ.

1935ರ ಸೆಪ್ಟೆಂಬರ್ 2ರಂದು, ಅಮೆರಿಕದ ಕಾರ್ಮಿಕ ದಿನದ ರಜೆಯ ರಾತ್ರಿ, ಕೀಸ್‌ನ ಇಸ್ಲಮೊರಾಡಾ ಬಳಿ ಚಂಡಮಾರುತ ನೆಲಕ್ಕೆ ಅಪ್ಪಳಿಸಿತು. ಅದರ ಕೇಂದ್ರದ ವಾಯುಭಾರ 892 ಮಿಲಿಬಾರ್‌ಗೆ ಕುಸಿದಿತ್ತು. ಅಮೆರಿಕದ ನೆಲ ಮುಟ್ಟಿದ ಚಂಡಮಾರುತಗಳಲ್ಲಿ ಅಷ್ಟು ಕಡಿಮೆ ವಾಯುಭಾರ ಇನ್ನಾವುದಕ್ಕೂ ದಾಖಲಾಗಿಲ್ಲ. ಆ ಹೊತ್ತಿನಲ್ಲಿ ಮೊದಲ ಮಹಾಯುದ್ಧದಿಂದ ಮರಳಿದ್ದ ನೂರಾರು ಮಾಜಿ ಸೈನಿಕರು ಅಲ್ಲಿನ ತಗಡು, ಕ್ಯಾನ್ವಾಸಿನ ಶಿಬಿರಗಳಲ್ಲಿದ್ದರು. ಆರ್ಥಿಕ ಕುಸಿತದ ಕಾಲದಲ್ಲಿ ಸರ್ಕಾರ ಅವರಿಗೆ ಕೊಟ್ಟಿದ್ದ ಕೆಲಸ, ಇದೇ ದ್ವೀಪಗಳಿಗೆ ಮೋಟಾರು ರಸ್ತೆ ಮಾಡುವುದು. ಅವರನ್ನು ಕರೆತರಲೆಂದು ಕಳಿಸಿದ ರೈಲು ತಡವಾಗಿ ಹೊರಟಿತು, ತಡವಾಗಿ ಬಂತು. ಅಲೆ ಬಂದು ಎಂಜಿನ್ ಒಂದನ್ನು ಬಿಟ್ಟು ಬೋಗಿಗಳನ್ನೆಲ್ಲ ಹಳಿಯಿಂದ ಎತ್ತಿ ಎಸೆಯಿತು. 400ಕ್ಕೂ ಹೆಚ್ಚು ಜನ ಸತ್ತರು. ಕೀ ವೆಸ್ಟ್‌ನಲ್ಲಿ ವಾಸವಾಗಿದ್ದ ಅರ್ನೆಸ್ಟ್ ಹೆಮಿಂಗ್‌ವೇ ದೋಣಿಯಲ್ಲಿ ಬಂದು ಹೆಣಗಳನ್ನು ಕಣ್ಣಾರೆ ಕಂಡು, ಆ ಮಾಜಿ ಸೈನಿಕರನ್ನು ಅಲ್ಲಿ ಬಿಟ್ಟವರಾರು ಎಂದು ಪತ್ರಿಕೆಯೊಂದರಲ್ಲಿ ಸಿಟ್ಟಿನಿಂದ ಬರೆದ. ರಾಮೇಶ್ವರಕ್ಕೆ ಹೋಗಿ ಬಂದ ಕನ್ನಡಿಗರಿಗೆ ಇದು ಪರಿಚಯದ ಕಥೆ ಅನ್ನಿಸಬಹುದು: ಪಾಂಬನ್‌ನಿಂದ ಹೊರಟ ರೈಲನ್ನು 1964ರ ಡಿಸೆಂಬರ್‌ನಲ್ಲಿ ಧನುಷ್ಕೋಟಿಯ ಬಳಿ ಸಮುದ್ರ ನುಂಗಿದ್ದೂ ಹೀಗೆಯೇ.

ರೈಲ್ವೆ ಕಂಪನಿಗೆ ಹಳಿಗಳನ್ನು ಮತ್ತೆ ಹಾಕುವ ಶಕ್ತಿ ಇರಲಿಲ್ಲ. ಉಳಿದ ಕಮಾನುಗಳನ್ನೂ ಏರಿಗಳನ್ನೂ ಕೊಂಡುಕೊಂಡ ಫ್ಲೋರಿಡಾ ರಾಜ್ಯ ಅವುಗಳ ಮೇಲೆ ಟಾರು ಹಾಕಿ 1938ರಲ್ಲಿ ಹೆದ್ದಾರಿ ತೆರೆಯಿತು. 37ನೇ ಮೈಲಿಯ ಬಾಹಿಯಾ ಹೊಂಡಾದಲ್ಲಿ ಆ ಕಾಲದ ಹೊಳಹು ಇಂದಿಗೂ ಕಾಣುತ್ತದೆ. ರೈಲು ಓಡುತ್ತಿದ್ದ ಉಕ್ಕಿನ ಚೌಕಟ್ಟಿನೊಳಗೆ ಎರಡು ವಾಹನ ಎದುರುಬದುರು ಹಾಯುವಷ್ಟು ಅಗಲವಿರಲಿಲ್ಲ, ಹಾಗಾಗಿ ಎಂಜಿನಿಯರುಗಳು ರಸ್ತೆಯನ್ನು ಚೌಕಟ್ಟಿನ ನೆತ್ತಿಯ ಮೇಲೆಯೇ ಕೂರಿಸಿದರು. ಈಗ ಬಳಕೆಯಲ್ಲಿಲ್ಲದ ಆ ಸೇತುವೆಯ ಒಂದು ತುಂಡನ್ನು ತೆಗೆದುಹಾಕಿದ್ದಾರೆ; ಉಳಿದದ್ದು ತುಕ್ಕು ಹಿಡಿದು ನೀರಿನ ಮೇಲೆ ನಿಂತಿದೆ. ಇಂದಿನ ಹೆದ್ದಾರಿ 113 ಮೈಲಿ, ಅಂದರೆ ಸುಮಾರು 182 ಕಿಲೋಮೀಟರ್ ಉದ್ದ, 42 ಸೇತುವೆಗಳು. ಅದರಲ್ಲಿ ಹೆಸರಾದ ‘ಸೆವೆನ್ ಮೈಲ್ ಬ್ರಿಜ್’ 1982ರಲ್ಲಿ ಹೊಸದಾಗಿ ಬಂತು. ಪಕ್ಕದಲ್ಲೇ ಇರುವ ಹಳೆಯದರ ಎರಡು ಮೈಲಿಗೂ ತುಸು ಹೆಚ್ಚಿನ ಭಾಗವನ್ನು ದುರಸ್ತಿ ಮಾಡಿ 2022ರ ಜನವರಿಯಲ್ಲಿ ನಡೆಯುವವರಿಗೆ, ಸೈಕಲ್ ಹೊಡೆಯುವವರಿಗೆ ತೆರೆದಿದ್ದಾರೆ. ಆ ದಾರಿಯಲ್ಲಿ ಸಿಗುವ ಪಿಜನ್ ಕೀ ಎಂಬ ಅಂಗೈಯಗಲದ ದ್ವೀಪದಲ್ಲಿ ರೈಲು ಕಟ್ಟಿದ ಕೂಲಿಗಳು ಇದ್ದ ಮನೆಗಳಿವೆ. ಆರ್‌ವಿಯನ್ನು ಎಲ್ಲಾದರೂ ನಿಲ್ಲಿಸಿ ಸಂಜೆ ಅಲ್ಲಿಗೆ ನಡೆದು ಹೋಗಿಬರುವುದು ಇಡೀ ಪ್ರವಾಸದ ಅತ್ಯುತ್ತಮ ಗಂಟೆಗಳಲ್ಲೊಂದು.

ಒಂದೇ ರಸ್ತೆ ಎಂಬುದರ ಅರ್ಥವನ್ನು ದ್ವೀಪದವರು 1982ರಲ್ಲಿ ಇಡೀ ದೇಶಕ್ಕೆ ತೋರಿಸಿದ್ದೂ ಉಂಟು. ಗಡಿ ಕಾವಲು ಪಡೆ ಫ್ಲೋರಿಡಾ ಸಿಟಿಯ ಬಳಿ ಹೆದ್ದಾರಿಗೆ ಅಡ್ಡಗಟ್ಟೆ ಹಾಕಿ ಕೀಸ್‌ನಿಂದ ಬರುವ ಪ್ರತಿಯೊಂದು ವಾಹನವನ್ನೂ ಜಾಲಾಡತೊಡಗಿತು. ಮೈಲಿಗಟ್ಟಲೆ ಸಾಲು ನಿಂತಿತು, ಪ್ರವಾಸಿಗರು ಬರುವುದನ್ನೇ ಬಿಟ್ಟರು. ಏಪ್ರಿಲ್ 23ರಂದು ಕೀ ವೆಸ್ಟ್‌ನ ಮೇಯರ್ ಡೆನಿಸ್ ವಾರ್ಡ್ಲೋ ತಮ್ಮ ಊರು ಅಮೆರಿಕದಿಂದ ಬೇರೆಯಾಗಿ ‘ಕಾಂಕ್ ರಿಪಬ್ಲಿಕ್’ ಆಗಿದೆ ಎಂದು ಸಾರಿದರು. ಒಣಗಿದ ಕ್ಯೂಬನ್ ಬ್ರೆಡ್ಡಿನಿಂದ ನೌಕಾಪಡೆಯ ಸಮವಸ್ತ್ರದಲ್ಲಿದ್ದವನಿಗೆ ಹೊಡೆದು ಯುದ್ಧ ಸಾರಿ, ಒಂದು ನಿಮಿಷದಲ್ಲಿ ಶರಣಾಗಿ, 100 ಕೋಟಿ ಡಾಲರ್ ನೆರವು ಕೇಳಿದರು. ಅಡ್ಡಗಟ್ಟೆ ಸದ್ದಿಲ್ಲದೆ ಹೋಯಿತು. ನಗು ತರಿಸುವ ಪ್ರಸಂಗವಾದರೂ ಅದರ ಹಿಂದೆ ಹೊಟ್ಟೆಪಾಡಿನ ಭಯವಿತ್ತು.

ಇನ್ನು ತಯಾರಿಯ ವಿಷಯ. ಗಾಡಿ ಬಾಡಿಗೆಗೆ ಹುಡುಕುವುದಕ್ಕಿಂತ ಮುಂಚೆ ಗಾಡಿ ನಿಲ್ಲಿಸುವ ಜಾಗ ಹುಡುಕಬೇಕು. ಕೀಸ್‌ನಲ್ಲಿ ಸರ್ಕಾರಿ ಉದ್ಯಾನಗಳ ಕ್ಯಾಂಪ್‌ಗ್ರೌಂಡುಗಳು ಕೆಲವೇ. ಕೀ ಲಾರ್ಗೋದ ಜಾನ್ ಪೆನೆಕ್ಯಾಂಪ್ ಹವಳದ ಉದ್ಯಾನ ಅಮೆರಿಕದ ಮೊದಲ ಸಮುದ್ರದಡಿಯ ಉದ್ಯಾನ. ಮ್ಯಾರಥಾನ್ ಬಳಿಯ ಕರಿ ಹ್ಯಾಮಕ್‌ನಲ್ಲಿ 28 ಜಾಗಗಳು. ಎಲ್ಲರೂ ಬಯಸುವ ಬಾಹಿಯಾ ಹೊಂಡಾದಲ್ಲೂ ಎಲ್ಲ ಸೇರಿ ನೂರಾಗುವುದಿಲ್ಲ. ಲಾಂಗ್ ಕೀ ಉದ್ಯಾನದ ನೀರಂಚಿನ ಸಾಲನ್ನು 2017ರ ಇರ್ಮಾ ಚಂಡಮಾರುತ ಕೊಚ್ಚಿ ಹಾಕಿದ ಮೇಲೆ ಅದು ವರ್ಷಗಟ್ಟಲೆ ಮುಚ್ಚಿತ್ತು. ಬಾಹಿಯಾ ಹೊಂಡಾದ ಸ್ಯಾಂಡ್‌ಸ್ಪರ್ ಭಾಗವೂ ಮತ್ತೆ ತೆರೆಯಲು ವರ್ಷಗಳೇ ಹಿಡಿದವು.

ಈ ಜಾಗಗಳ ಬುಕಿಂಗ್ ಒಂದು ಪಂದ್ಯ. ಮೊದಲು ಎಲ್ಲರಿಗೂ 11 ತಿಂಗಳು ಮುಂಚೆ ಬುಕಿಂಗ್ ತೆರೆಯುತ್ತಿತ್ತು. 2024ರ ಜನವರಿಯಿಂದ ಕಾನೂನು ಬದಲಾಗಿ, ಫ್ಲೋರಿಡಾ ನಿವಾಸಿಗಳಿಗೆ 11 ತಿಂಗಳು, ಹೊರಗಿನವರಿಗೆ 10 ತಿಂಗಳು ಎಂದಾಗಿದೆ. ಉದಾಹರಣೆಗೆ, ಜನವರಿ 15ಕ್ಕೆ ಬಂದಿಳಿಯಬೇಕು ಅಂದರೆ ಟ್ಯಾಂಪಾದಲ್ಲಿರುವ ಕುಟುಂಬ ಹಿಂದಿನ ಫೆಬ್ರವರಿ 15ರ ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕೂರಬೇಕು, ನ್ಯೂಜೆರ್ಸಿಯ ಕುಟುಂಬ ಮಾರ್ಚ್ 15ರ ತನಕ ಕಾಯಬೇಕು. ಆ ಹೊತ್ತಿಗೆ ನೀರಂಚಿನ ಜಾಗಗಳು ಬಹುಪಾಲು ಹೋಗಿರುತ್ತವೆ. ತೆರೆಯುವುದು ಪೂರ್ವ ಅಮೆರಿಕದ ಸಮಯ ಬೆಳಿಗ್ಗೆ 8ಕ್ಕೆ. ಅನುಭವಸ್ಥರು ಹತ್ತು ನಿಮಿಷ ಮುಂಚೆಯೇ ಲಾಗಿನ್ ಆಗಿ, ಯಾವ ನಂಬರಿನ ಜಾಗ, ಅದರ ಉದ್ದವೆಷ್ಟು ಎಂಬುದನ್ನು ಬರೆದಿಟ್ಟುಕೊಂಡು, ಎರಡನೇ ಮೂರನೇ ಆಯ್ಕೆಯನ್ನೂ ಸಿದ್ಧವಿಟ್ಟು, ಎಂಟು ಹೊಡೆದ ಕ್ಷಣ ಒತ್ತುತ್ತಾರೆ. ಕೆಲವೇ ಸೆಕೆಂಡುಗಳಲ್ಲಿ ಪರದೆ ಖಾಲಿ. ಒಂದು ಸಲಕ್ಕೆ ಹೆಚ್ಚೆಂದರೆ 14 ರಾತ್ರಿ.

ತಮ್ಮ ತೆರಿಗೆಯಿಂದ ನಡೆಯುವ ಉದ್ಯಾನದಲ್ಲಿ ರಾಜ್ಯದವರಿಗೆ ಒಂದು ತಿಂಗಳ ಮುನ್ನಡೆ ಕೊಟ್ಟದ್ದು ನ್ಯಾಯವೇ. ಹೊರಗಿನವರಿಗೂ ದಾರಿ ಪೂರ್ತಿ ಮುಚ್ಚಿಲ್ಲ. ಇಷ್ಟು ಮುಂಚೆ ಬುಕ್ ಮಾಡಿದವರಲ್ಲಿ ಅನೇಕರ ಯೋಜನೆ ಬದಲಾಗುತ್ತದೆ, ರದ್ದಾದ ಜಾಗಗಳು ಮತ್ತೆ ಪಟ್ಟಿಗೆ ಬರುತ್ತವೆ. ಪ್ರಯಾಣಕ್ಕೆ ವಾರ ಎರಡು ವಾರ ಇರುವಾಗ ದಿನಕ್ಕೆರಡು ಸಲ ನೋಡುವ ತಾಳ್ಮೆ ಇದ್ದವರಿಗೆ ಬಿಡಿ ರಾತ್ರಿಗಳು ಸಿಗುತ್ತವೆ. ಎರಡು ರಾತ್ರಿ ಇಲ್ಲಿ, ಒಂದು ರಾತ್ರಿ ಅಲ್ಲಿ ಎಂದು ಹೆಣೆದುಕೊಳ್ಳಲು ಮನೆಯೇ ಚಕ್ರದ ಮೇಲಿದ್ದಾಗ ಕಷ್ಟವೇನಿಲ್ಲ.

ಸರ್ಕಾರಿ ಜಾಗದ ಮೂಲ ಬಾಡಿಗೆ ರಾತ್ರಿಗೆ 36 ಡಾಲರ್. ಅದರ ಮೇಲೆ ತೆರಿಗೆ, ವಿದ್ಯುತ್ ನೀರಿನ ಶುಲ್ಕ. ಖಾಸಗಿ ಆರ್‌ವಿ ಪಾರ್ಕುಗಳಲ್ಲಿ ಚಳಿಗಾಲದ ದರ 100 ಡಾಲರ್ ಸುಲಭವಾಗಿ ದಾಟುತ್ತದೆ, ನೀರಂಚಿನ ಜಾಗಕ್ಕೆ 200ಕ್ಕೂ ಮೇಲೆ ಹೋಗುತ್ತದೆ. ಗಾಡಿಯ ದಿನಬಾಡಿಗೆ, ಓಡಿದ ಪ್ರತಿ ಮೈಲಿಗೆ ಬೇರೆ ಶುಲ್ಕ, ಲೀಟರಿಗೆ ಮೂರೂವರೆ ನಾಲ್ಕು ಕಿಲೋಮೀಟರ್ ಮಾತ್ರ ಕೊಡುವ ಎಂಜಿನ್. ಎಲ್ಲ ಕೂಡಿಸಿದರೆ ಹೋಟೆಲಿಗಿಂತ ಅಗ್ಗವಾಗುತ್ತದೆ ಎಂಬುದು ಭ್ರಮೆ. ಹಣ ಉಳಿಸಲು ರಸ್ತೆ ಬದಿ ನಿಲ್ಲಿಸಿ ಮಲಗೋಣ ಎಂದರೆ ಅದಕ್ಕೂ ನಿಷೇಧವಿದೆ. ಪೊಲೀಸರು ಬಾಗಿಲು ತಟ್ಟುತ್ತಾರೆ.

ಜಾಗ ಸಿಕ್ಕ ಮೇಲೆ ಅದಕ್ಕೆ ತಕ್ಕ ಗಾಡಿ. 40 ಅಡಿಯ ಬಸ್ಸಿನಂಥ ಆರ್‌ವಿ ಓಡಿಸಿದವನಿಗೆ ದಾರಿಯುದ್ದಕ್ಕೂ ಸುಖ ಇರಬಹುದು, ಕ್ಯಾಂಪಿನೊಳಗೆ ಮರಗಳ ನಡುವೆ ರಿವರ್ಸ್ ತೆಗೆಯುವಾಗ ಬೆವರಿಳಿಯುತ್ತದೆ. ಬಾಹಿಯಾ ಹೊಂಡಾದಲ್ಲಿ ಬಟನ್‌ವುಡ್ ಭಾಗ ದೊಡ್ಡ ಗಾಡಿಗಳಿಗೆ ಒಗ್ಗುತ್ತದೆ. ಬೇಸೈಡ್ ಭಾಗಕ್ಕೆ ಹೋಗಬೇಕಾದರೆ ಹೆದ್ದಾರಿಯ ಕೆಳಗೆ ನುಸುಳಬೇಕು, ಅಲ್ಲಿನ ಎತ್ತರದ ಮಿತಿ 6 ಅಡಿ 8 ಅಂಗುಲ. ಬಾಡಿಗೆಗೆ ಸಿಗುವ ಆರ್‌ವಿಯ ಎತ್ತರ ಸಾಮಾನ್ಯವಾಗಿ 10 ಅಡಿಗೂ ಮೇಲಿರುತ್ತದೆ. ನಕ್ಷೆಯಲ್ಲಿ ನೀರಿನ ಪಕ್ಕ ಖಾಲಿ ಕಂಡಿತೆಂದು ಬುಕ್ ಮಾಡಿದವರು ಆ ಕಮಾನಿನ ಮುಂದೆ ನಿಂತು ವಾಪಸಾಗಬೇಕಾಗುತ್ತದೆ. ಮೊದಲ ಸಲ ಹೋಗುವ ನಾಲ್ಕೈದು ಜನರ ಕುಟುಂಬಕ್ಕೆ ಡ್ರೈವರ್ ತಲೆಯ ಮೇಲೆ ಮಂಚವಿರುವ 25 ಅಡಿಯ ಗಾಡಿ ಸಾಕು. ಇಬ್ಬರೇ ಆದರೆ ವ್ಯಾನ್ ಇನ್ನೂ ಒಳ್ಳೆಯದು.

ಓಡಿಸಲು ವಿಶೇಷ ಲೈಸೆನ್ಸ್ ಬೇಡ, ವಿಶೇಷ ಎಚ್ಚರ ಬೇಕು. ಗಾಡಿಯ ಅಗಲ ಎಂಟೂವರೆ ಅಡಿ ತನಕ ಇರುತ್ತದೆ, ಅದರಾಚೆ ಕನ್ನಡಿಗಳು ಚಾಚಿಕೊಂಡಿರುತ್ತವೆ. ಸೇತುವೆಗಳ ಮೇಲೆ ಅಡ್ಡಗಾಳಿ ಚಪ್ಪಟೆ ಗೋಡೆಗೆ ಬಡಿದು ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು ವೇಗ ತಗ್ಗಿಸುವುದೊಂದೇ ಉಪಾಯ. ಹೆದ್ದಾರಿ ಬಹುಪಾಲು ಎರಡೇ ಲೇನ್. ಹಿಂದೆ ಹತ್ತು ಕಾರು ಸಾಲುಗಟ್ಟಿದರೆ ಅಗಲವಾದ ಜಾಗ ನೋಡಿ ಬದಿಗೆ ಸರಿದು ಅವರನ್ನು ಮುಂದೆ ಬಿಡುವುದು ಮರ್ಯಾದೆ. ಆ ಕಾರುಗಳಲ್ಲಿ ಇರುವವರು ಕೆಲಸಕ್ಕೆ ಹೊರಟ ನರ್ಸು, ಶಾಲೆಯ ಮೇಷ್ಟ್ರು. ಮಯಾಮಿಯಿಂದ ಕೀ ವೆಸ್ಟ್‌ಗೆ 160 ಮೈಲಿ. ಕಾರಿಗೆ ನಾಲ್ಕು ಗಂಟೆಯ ದಾರಿ, ಆರ್‌ವಿಗೆ ಒಂದು ದಿನವೆಂದೇ ಇಟ್ಟುಕೊಳ್ಳುವುದು ಸರಿ. ಕತ್ತಲಾಗುವ ಮುಂಚೆ ತಲುಪಿದರೆ ಅರ್ಧ ಕಷ್ಟ ಕಳೆಯುತ್ತದೆ. ಡೀಸೆಲ್ಲೋ ಪೆಟ್ರೋಲೋ, ದಿನಸಿಯೋ ಎಲ್ಲವನ್ನೂ ಫ್ಲೋರಿಡಾ ಸಿಟಿ, ಹೋಮ್‌ಸ್ಟೆಡ್ ಕಡೆಯೇ ತುಂಬಿಸಿಕೊಂಡು ಇಳಿಯುವುದು ವಾಡಿಕೆ.

ಕ್ಯಾಂಪಿನಲ್ಲಿ ಗಾಡಿ ನಿಂತ ಮೇಲೆ ಮೂರು ಜೋಡಣೆ: ವಿದ್ಯುತ್ತು, ನೀರು, ಕೊಳಚೆ. ಸಣ್ಣ ಗಾಡಿಗಳದು 30 ಆಂಪಿಯರ್ ಪ್ಲಗ್. 120 ವೋಲ್ಟಿನ ಲೆಕ್ಕದಲ್ಲಿ ಅದು ಕೊಡುವುದು 3,600 ವಾಟ್. ಚಾವಣಿಯ ಏಸಿಗೆ 1,500 ವಾಟ್ ಹೋಯಿತು. ಅತ್ತ ಅಮ್ಮ ಕಾಫಿಗೆಂದು ಎಲೆಕ್ಟ್ರಿಕ್ ಕೆಟಲ್ ಹಚ್ಚಿದರು, ಅದು ಇನ್ನೊಂದು 1,500. ಮಗಳು ಹಾಲು ಬಿಸಿಮಾಡಲು ಮೈಕ್ರೋವೇವ್ ಒತ್ತಿದಳು. ಟಪ್ ಎಂದು ಬ್ರೇಕರ್ ಬಿತ್ತು, ಏಸಿ ನಿಂತಿತು. ಪರಿಹಾರ ಸರಳ, ಗ್ಯಾಸ್ ಒಲೆ ಇದ್ದೇ ಇದೆ, ಕಾಫಿ ಅನ್ನ ಎರಡನ್ನೂ ಅದರ ಮೇಲೆ ಮಾಡಿದರಾಯಿತು. ಊರಿಂದ ತಂದ ಮಿಕ್ಸಿ ಮಾತ್ರ ಇಲ್ಲಿ ನಡೆಯುವುದಿಲ್ಲ. ಅದಕ್ಕೆ ಬೇಕಾದದ್ದು 230 ವೋಲ್ಟು, ಚಟ್ನಿಪುಡಿಯನ್ನು ಮನೆಯಲ್ಲೇ ಮಾಡಿಕೊಂಡು ಹೊರಡುವುದು ಮೇಲು.

ಕೊಳಚೆಯ ಕೆಲಸವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಮೊದಲ ಸಲ ಬಾಡಿಗೆ ಪಡೆದವರು ಅದರಲ್ಲೇ ಎಡವುತ್ತಾರೆ. ಗಾಡಿಯ ಹೊಟ್ಟೆಯಲ್ಲಿ ಎರಡು ಟ್ಯಾಂಕು. ಒಂದಕ್ಕೆ ಶೌಚದ ಹೊಲಸು ಬೀಳುತ್ತದೆ, ಇನ್ನೊಂದಕ್ಕೆ ಸ್ನಾನದ, ಪಾತ್ರೆ ತೊಳೆದ ನೀರು. ಎರಡಕ್ಕೂ ಬೇರೆ ಬೇರೆ ಕವಾಟ, ಹೊರಗೆ ಬರುವ ಕೊಳವೆ ಒಂದೇ. ಕ್ಯಾಂಪಿನಲ್ಲಿ ಚರಂಡಿಯ ಜೋಡಣೆ ಇದೆ ಎಂದು ಶೌಚದ ಕವಾಟವನ್ನು ಸದಾ ತೆರೆದಿಟ್ಟರೆ ನೀರೆಲ್ಲ ಹರಿದುಹೋಗಿ ಗಟ್ಟಿ ಪದಾರ್ಥ ತಳದಲ್ಲಿ ಗುಡ್ಡೆಯಾಗಿ ಒಣಗುತ್ತದೆ, ಆಮೇಲೆ ಅದನ್ನು ತೆಗೆಸಲು ಮೆಕ್ಯಾನಿಕ್ ಬರಬೇಕು. ಆದ್ದರಿಂದ ಟ್ಯಾಂಕು ಮೂರರಲ್ಲಿ ಎರಡು ಪಾಲು ತುಂಬುವ ತನಕ ಮುಚ್ಚಿಡಬೇಕು. ಖಾಲಿ ಮಾಡುವ ದಿನ ಕೈಗೆ ರಬ್ಬರ್ ಗವಸು ಹಾಕಿ, ಕೊಳವೆಯ ಒಂದು ತುದಿಯನ್ನು ಗಾಡಿಗೆ ತಿರುಗಿಸಿ ಬಿಗಿದು, ಇನ್ನೊಂದನ್ನು ನೆಲದ ಬಾಯಿಗೆ ಒತ್ತಿ ಕೂರಿಸಿ, ಮೊದಲು ಶೌಚದ ಕವಾಟ ಎಳೆಯಬೇಕು. ಗಳಗಳ ಸದ್ದು ನಿಂತ ಮೇಲೆ ಅದನ್ನು ಮುಚ್ಚಿ ಸ್ನಾನದ ನೀರಿನ ಕವಾಟ ತೆರೆದರೆ ಆ ಸೋಪಿನ ನೀರೇ ಕೊಳವೆಯನ್ನು ತೊಳೆದುಕೊಡುತ್ತದೆ. ಶೌಚಕ್ಕೆ ಧಾರಾಳವಾಗಿ ನೀರು ಬಳಸುವ ನಮ್ಮವರ ರೂಢಿ ಈ ಟ್ಯಾಂಕಿಗೆ ಒಳ್ಳೆಯದು, ಒಂದೆರಡು ದಿನ ಬೇಗ ತುಂಬುತ್ತದೆ ಅಷ್ಟೇ. ಒದ್ದೆ ಟಿಶ್ಯೂ, ಅನ್ನದ ಅಗುಳು ಮಾತ್ರ ಒಳಗೆ ಹೋಗಕೂಡದು.

ಇಷ್ಟೆಲ್ಲ ಜಾಗ್ರತೆ ಇಲ್ಲಿ ಯಾಕೆ ಎಂದರೆ, ದ್ವೀಪಗಳ ತಳದಲ್ಲಿರುವುದು ಪ್ರಾಚೀನ ಹವಳದ ಸುಣ್ಣಕಲ್ಲು, ಜರಡಿಯಂತೆ ತೂತುತೂತು. ನೆಲಕ್ಕೆ ಚೆಲ್ಲಿದ ಕೊಳಚೆ ಅಲ್ಲೇ ನಿಲ್ಲದೆ ಕಲ್ಲಿನೊಳಗೆ ಜಿನುಗಿ ಸಮುದ್ರ ಸೇರುತ್ತದೆ. ದಶಕಗಳ ಕಾಲ ಮನೆಮನೆಯ ಗುಂಡಿಗಳಿಂದ ಹೀಗೇ ಸೋರುತ್ತಿತ್ತು. ಆಮೇಲೆ ರಾಜ್ಯ ಕಾನೂನು ಮಾಡಿ ಭಾರೀ ವೆಚ್ಚದಲ್ಲಿ ದ್ವೀಪಗಳುದ್ದಕ್ಕೂ ಒಳಚರಂಡಿ ಹಾಕಿಸಬೇಕಾಯಿತು. ಕುಡಿಯುವ ನೀರಿನ ಕಥೆಯೂ ಇಂಥದ್ದೇ. ದ್ವೀಪಗಳಲ್ಲಿ ನದಿಯಿಲ್ಲ, ಊರಿಗೆ ಸಾಲುವಷ್ಟು ಸಿಹಿನೀರಿಲ್ಲ. ಮೊದಲು ಜನ ಮಳೆನೀರು ತೊಟ್ಟಿಗಳನ್ನು ನೆಚ್ಚಿಕೊಂಡಿದ್ದರು. ಯುದ್ಧಕಾಲದಲ್ಲಿ, 1942ರಲ್ಲಿ, ಕೀ ವೆಸ್ಟ್ ನೆಲೆಗೆ ನೀರು ಬೇಕೆಂದು ನೌಕಾಪಡೆಯೇ ಮುಖ್ಯಭೂಮಿಯಿಂದ ಕೊಳವೆ ಎಳೆಯಿತು. ಇಂದಿಗೂ ನಲ್ಲಿಯಲ್ಲಿ ಬರುವುದು ಹೆದ್ದಾರಿಯ ಜೊತೆಜೊತೆಗೇ ನೂರಾರು ಕಿಲೋಮೀಟರ್ ಹರಿದು ಬಂದ ನೀರು. ಸಂಜೆ ಹೊತ್ತು ಗಾಡಿಯನ್ನು ಫಳಫಳ ತೊಳೆಯುವ ಆಸೆಯನ್ನು ಹತ್ತಿಕ್ಕಿಕೊಳ್ಳಲು ಇದು ಸಾಕಷ್ಟು ಕಾರಣ.

ದಡದಿಂದ ಕೆಲವು ಮೈಲಿ ಆಚೆ ಅಮೆರಿಕದ ಮುಖ್ಯಭೂಮಿಗೆ ಸೇರಿದ ಏಕೈಕ ಜೀವಂತ ತಡೆಗೋಡೆ ಹವಳದ ದಿಬ್ಬವಿದೆ. ಬರುವವರಲ್ಲಿ ಅನೇಕರು ಬರುವುದೇ ಅದರ ಮೇಲೆ ಈಜಿ ಬಣ್ಣದ ಮೀನು ನೋಡಲು. 2023ರ ಜುಲೈನಲ್ಲಿ ಅಲ್ಲಿಗೆ ಹತ್ತಿರದ ಮ್ಯಾನಟೀ ಕೊಲ್ಲಿಯ ಮಾಪಕ 38 ಡಿಗ್ರಿ ಸೆಲ್ಸಿಯಸ್ ದಾಟಿ ತೋರಿಸಿತು, ಅದು ಬಿಸಿನೀರ ಸ್ನಾನದ ಉಷ್ಣಾಂಶ. ಆ ಬೇಸಿಗೆ ಹವಳಗಳು ತಮ್ಮೊಳಗಿನ ಪಾಚಿಯನ್ನು ಹೊರದೂಡಿ ಸುಣ್ಣದಂತೆ ಬಿಳಿಚಿದವು. ಸಮುದ್ರದ ನರ್ಸರಿಗಳಲ್ಲಿ ಬೆಳೆಸುತ್ತಿದ್ದ ಹವಳದ ಸಸಿಗಳನ್ನು ವಿಜ್ಞಾನಿಗಳೂ ಸ್ವಯಂಸೇವಕರೂ ಕಿತ್ತು ದಡದ ತಣ್ಣೀರಿನ ತೊಟ್ಟಿಗಳಿಗೆ ಸಾಗಿಸಿದರು. ಹವಳಕ್ಕೆ ಹಾನಿ ಮಾಡುವ ಎರಡು ರಾಸಾಯನಿಕಗಳಿರುವ ಸನ್‌ಸ್ಕ್ರೀನ್ ಮಾರಾಟವನ್ನು ಕೀ ವೆಸ್ಟ್ ನಗರಸಭೆ 2019ರಲ್ಲಿ ನಿಷೇಧಿಸಿತ್ತು. ಮರುವರ್ಷ ರಾಜ್ಯ ಶಾಸನಸಭೆ ಆ ಅಧಿಕಾರವನ್ನೇ ಸ್ಥಳೀಯರಿಂದ ಕಿತ್ತುಕೊಂಡಿತು. ಅದು ತಪ್ಪು ನಿರ್ಧಾರ. ಕಾನೂನು ಇಲ್ಲದಿದ್ದರೇನು, ಆಕ್ಸಿಬೆಂಝೋನ್, ಆಕ್ಟಿನಾಕ್ಸೇಟ್ ಇಲ್ಲದ ಟ್ಯೂಬ್ ಕೊಳ್ಳುವುದು, ಅದಕ್ಕಿಂತ ತೋಳುದ್ದದ ಈಜಂಗಿ ತೊಡುವುದು ಪ್ರವಾಸಿಗನ ಕೈಯಲ್ಲಿದೆ.

30ನೇ ಮೈಲಿಯ ಬಿಗ್ ಪೈನ್ ಕೀಯಲ್ಲಿ ರಸ್ತೆಯ ಇಕ್ಕೆಲಗಳಲ್ಲಿ ವೇಗಮಿತಿಯ ಫಲಕಗಳು ಒತ್ತೊತ್ತಾಗಿ ನಿಂತಿವೆ. ಹಗಲಲ್ಲಿ ಗಂಟೆಗೆ 45 ಮೈಲಿ, ರಾತ್ರಿ 35. ಕಾರಣ ಇಲ್ಲಿನ ಪುಟ್ಟ ಜಿಂಕೆ, ಭುಜದೆತ್ತರ ಎರಡೂವರೆ ಅಡಿ ಆದರೆ ಹೆಚ್ಚು, ಬೇರೆಲ್ಲೂ ಕಾಣಸಿಗದ ತಳಿ. ಬೇಟೆಯಿಂದ 1950ರ ಸುಮಾರಿಗೆ ಕೆಲವೇ ಹತ್ತುಗಳಿಗೆ ಇಳಿದಿದ್ದ ಇವನ್ನು ಉಳಿಸಲು 1957ರಲ್ಲಿ ಅಭಯಾರಣ್ಯ ಮಾಡಿದರು. ಈಗ ಇವುಗಳ ದೊಡ್ಡ ಶತ್ರು ವಾಹನ. ಸಂಜೆಯ ಮಬ್ಬಿನಲ್ಲಿ ಅವು ಬೇಲಿಯಂಚಿಗೆ ಬಂದು ಗರಿಕೆ ಮೇಯುತ್ತವೆ, ಮನುಷ್ಯರನ್ನು ಕಂಡರೆ ಓಡದೆ ಮೂಗು ಚಾಚಿಕೊಂಡು ಹತ್ತಿರ ಬರುತ್ತವೆ. ಕಿಟಕಿಯಿಂದ ಬಿಸ್ಕತ್ತು ಚಾಚುವುದು ಅಪರಾಧ. ಹಾಗೆ ತಿಂದು ರುಚಿ ಹತ್ತಿದ ಜಿಂಕೆಯೇ ನಾಳೆ ಮತ್ತೊಂದು ಗಾಡಿಯ ಚಕ್ರಕ್ಕೆ ಅಡ್ಡಬರುವುದು.

ಯಾವ ತಿಂಗಳು ಹೋಗಬೇಕು? ನವೆಂಬರ್ ಕೊನೆಯಿಂದ ಏಪ್ರಿಲ್ ತನಕ ಮಳೆ ಕಡಿಮೆ, ಹವೆ ಹಿತ, ಹಾಗಾಗಿ ಜನಜಂಗುಳಿ. ಮೇ ತಿಂಗಳು ಜಾಣರ ಆಯ್ಕೆ, ಸೆಕೆ ಹೆಚ್ಚಿದರೂ ಜಾಗ ಸಿಗುತ್ತದೆ. ಜುಲೈ ಕೊನೆಯಲ್ಲಿ ಬುಧವಾರ ಗುರುವಾರ ಎರಡೇ ದಿನ ಹವ್ಯಾಸಿಗಳಿಗೆ ಲಾಬ್‌ಸ್ಟರ್ ಹಿಡಿಯಲು ಬಿಡುತ್ತಾರೆ, ಆಗ ದೋಣಿ ಎಳೆದುಕೊಂಡು ಬಂದವರಿಂದ ಹೆದ್ದಾರಿ ಕಿಕ್ಕಿರಿಯುತ್ತದೆ. ಸೊಳ್ಳೆಯೂ, ಕಣ್ಣಿಗೆ ಕಾಣದಷ್ಟು ಸಣ್ಣ ಕಚ್ಚುವ ನೊಣವೂ ಗಾಳಿ ನಿಂತ ಸಂಜೆ ಮುತ್ತುತ್ತವೆ.

ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಆ ಅವಧಿಯಲ್ಲಿ ಹೋಗುವವರು ಮೊದಲು ತಿಳಿಯಬೇಕಾದ ಸಂಗತಿ, ಅಲ್ಲಿನ ಮನ್ರೋ ಕೌಂಟಿ ಜನರನ್ನು ತೆರವುಗೊಳಿಸುವುದು ಹಂತಹಂತವಾಗಿ. ಬಿರುಗಾಳಿ ಮುಟ್ಟುವ ಸುಮಾರು 48 ಗಂಟೆ ಮುಂಚೆ ಮೊದಲ ಆದೇಶ ಹೊರಡುತ್ತದೆ, ಅದು ಪ್ರವಾಸಿಗರಿಗೆ, ಆರ್‌ವಿಗಳಿಗೆ. ಖಾಯಂ ನಿವಾಸಿಗಳ ಸರದಿ ಆಮೇಲೆ. ಉದ್ದದ ಗಾಡಿಗಳು ಮೊದಲು ಹೋಗದಿದ್ದರೆ ಎಂಬತ್ತು ಸಾವಿರದಷ್ಟು ನಿವಾಸಿಗಳು ಹೊರಡುವ ಹೊತ್ತಿಗೆ ದಾರಿ ಬಂದ್ ಆಗುತ್ತದೆ. ನಿವಾಸಿಗಳನ್ನೆಲ್ಲ ಸುಮಾರು 24 ಗಂಟೆಯೊಳಗೆ ಹೊರಗೆ ಕಳಿಸಬೇಕು ಎಂಬ ಅಳತೆಗೋಲನ್ನು ರಾಜ್ಯ ಎಷ್ಟು ಗಂಭೀರವಾಗಿ ಹಿಡಿದಿದೆ ಎಂದರೆ, ಹೊಸ ಮನೆಗಳಿಗೆ ಪರವಾನಗಿ ಎಷ್ಟು ಕೊಡಬಹುದು ಎಂಬುದನ್ನೂ ಅದರಿಂದಲೇ ನಿರ್ಧರಿಸುತ್ತ ಬಂದಿದೆ. ಆದೇಶ ಬರುವ ತನಕ ಕಾಯದೆ, ದಕ್ಷಿಣದಲ್ಲಿ ಗಾಳಿ ಸುತ್ತತೊಡಗಿದೆ ಎಂಬ ಸುದ್ದಿ ಬಂದ ದಿನವೇ ಟ್ಯಾಂಕು ಖಾಲಿ ಮಾಡಿ, ಇಂಧನ ತುಂಬಿಸಿ, ಉತ್ತರಕ್ಕೆ ಮೂತಿ ತಿರುಗಿಸುವವರು ಉಳಿದವರಿಗೂ ಉಪಕಾರ ಮಾಡುತ್ತಾರೆ.

2017ರ ಸೆಪ್ಟೆಂಬರ್ 10ರಂದು ಇರ್ಮಾ ನೆಲಕ್ಕೆ ಬಡಿದದ್ದು ಬಿಗ್ ಪೈನ್‌ಗೆ ಹತ್ತಿರದ ಕಜೋ ಕೀಯಲ್ಲಿ, ಗಂಟೆಗೆ 200 ಕಿಲೋಮೀಟರ್ ಮೀರಿದ ಗಾಳಿಯೊಂದಿಗೆ. ಮೊದಲು ಚಿಂದಿಯಾದದ್ದು ಟ್ರೈಲರ್ ಮನೆಗಳ ಕಾಲೊನಿಗಳು. ಅವು ರಜೆಗೆ ಬಂದವರ ಗಾಡಿಗಳಾಗಿರಲಿಲ್ಲ. ಹೋಟೆಲುಗಳಲ್ಲಿ ಹಾಸಿಗೆ ಹೊದಿಸುವ, ಮೀನು ಹಿಡಿಯುವ, ಅಡುಗೆ ಮಾಡುವ ಜನ ವರ್ಷಪೂರ್ತಿ ಬಾಳುತ್ತಿದ್ದ ಮನೆಗಳು. ಹಾಳಾದ ಜಾಗಗಳಲ್ಲಿ ಹಲವು ಮತ್ತೆ ಆ ಬಾಡಿಗೆಗೆ ಸಿಗಲಿಲ್ಲ, ಬೆಲೆ ಏರಿತು, ಎಷ್ಟೋ ಜನ ಈಗ ಮುಖ್ಯಭೂಮಿಯಿಂದ ದಿನಾ ಗಂಟೆಗಟ್ಟಲೆ ಬಸ್ಸಿನಲ್ಲಿ ಬಂದು ದುಡಿದು ಹೋಗುತ್ತಾರೆ. ಊಟಕ್ಕೆ ಕೂತ ಮೇಜಿನ ಮೇಲೆ ಟಿಪ್ಸ್ ಬಿಡುವಾಗ ಇದು ನೆನಪಿರಬೇಕು.

ಕೀ ವೆಸ್ಟ್ ಪೇಟೆಯ ಕಿರಿದಾದ ಓಣಿಗಳಿಗೆ ಆರ್‌ವಿ ನುಗ್ಗಿಸುವುದು ಬೇಡ. ನಿಲ್ಲಿಸಲು ಜಾಗವಿಲ್ಲ, ತಿರುವಿನಲ್ಲಿ ಮರದ ಕೊಂಬೆ, ಜಗುಲಿಯ ಅಂಚು. ಪಕ್ಕದ ಸ್ಟಾಕ್ ಐಲೆಂಡಿನ ಕ್ಯಾಂಪಿನಲ್ಲಿಯೋ ಮೇಲಿನ ದ್ವೀಪಗಳಲ್ಲಿಯೋ ಗಾಡಿ ಬಿಟ್ಟು ಸೈಕಲ್ ಹಿಡಿದರೆ ಇಡೀ ಊರು ಅರ್ಧ ದಿನದ ಸುತ್ತು. ಮ್ಯಾರಥಾನ್‌ನಿಂದ ಕೀ ವೆಸ್ಟ್‌ಗೆ ಸಾರ್ವಜನಿಕ ಬಸ್ಸೂ ಇದೆ. ಹೆಮಿಂಗ್‌ವೇ ಮನೆಯ ಆರು ಬೆರಳಿನ ಬೆಕ್ಕುಗಳನ್ನು ನೋಡಿ ಮುಗಿಸಿದವರಿಗೆ ಇನ್ನೂ 70 ಮೈಲಿ ಪಶ್ಚಿಮದಲ್ಲಿ ಡ್ರೈ ಟೊರ್ಟುಗಾಸ್ ರಾಷ್ಟ್ರೀಯ ಉದ್ಯಾನವಿದೆ, 1 ಕೋಟಿ 60 ಲಕ್ಷ ಇಟ್ಟಿಗೆಯ ಕೋಟೆಯೊಂದಿಗೆ. ಅಲ್ಲಿಗೆ ರಸ್ತೆಯಿಲ್ಲ, ದೋಣಿಯ ಟಿಕೆಟನ್ನೂ ತಿಂಗಳುಗಳ ಮುಂಚೆ ಮಾಡಿಸಿರಬೇಕು.

ದ್ವೀಪಗಳ ಮೇಲೆ ಜಾಗ ಸಿಗದೇ ಹೋದರೂ ಪ್ರವಾಸ ಕೈಬಿಡಬೇಕಾಗಿಲ್ಲ. ಮಯಾಮಿಯ ದಕ್ಷಿಣಕ್ಕೆ, ಮೃಗಾಲಯದ ಹತ್ತಿರ, ಲ್ಯಾರಿ ಅಂಡ್ ಪೆನಿ ಥಾಂಪ್ಸನ್ ಪಾರ್ಕಿನಲ್ಲಿ ಆರ್‌ವಿಗಳಿಗೆಂದೇ 240 ಜಾಗಗಳಿವೆ. ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನದೊಳಗೆ ಫ್ಲೆಮಿಂಗೊ ಮತ್ತು ಲಾಂಗ್ ಪೈನ್ ಕೀ ಕ್ಯಾಂಪ್‌ಗ್ರೌಂಡುಗಳಿವೆ. ಅಲ್ಲಿ ದೊಡ್ಡ ಗಾಡಿಯನ್ನು ನಿಲ್ಲಿಸಿ, ಸಣ್ಣ ಕಾರೊಂದನ್ನು ಬಾಡಿಗೆಗೆ ಪಡೆದು ಮುಂಜಾನೆ ಹೊರಟರೆ ಥಾಂಪ್ಸನ್ ಪಾರ್ಕಿನಿಂದ ಕೀ ಲಾರ್ಗೋ ಸುಮಾರು ಒಂದು ಗಂಟೆ, ಬಾಹಿಯಾ ಹೊಂಡಾಕ್ಕೆ ಇನ್ನೆರಡು ಗಂಟೆಯೊಳಗೆ. ವಾರಾಂತ್ಯದಲ್ಲಿ ಕಾರುಗಳು ತುಂಬಿದರೆ ಬಾಹಿಯಾ ಹೊಂಡಾ ಉದ್ಯಾನದ ಗೇಟನ್ನು ಕೆಲ ಹೊತ್ತು ಮುಚ್ಚಿಬಿಡುತ್ತಾರೆ, ಆದ್ದರಿಂದ ವಾರದ ನಡುವಿನ ದಿನ ಆರಿಸಿಕೊಂಡು ಬೆಳಗಿನ ಹೊತ್ತಿಗೇ ಒಳಗಿರಬೇಕು.